‘ಬದಲಿ ಎಂಜಿನ್ನಿನ ಗಾಡಿ ಹಾಗೇನೇ’ ಅನ್ನುವವರಿಗೆ

ಹರೂರಿನಿಂದ ಸೇಲಂ ಕಡೆಗೆ ಹೊರಡಿ, ತೀರ್ಥಮಲೆ ಕಡೆಗೆ ಹೊರಡಿ, ಊರು ಮುಗಿಯುವ ಮೊದಲು ಮೆಕ್ಯಾನಿಕ್ ಶೆಡ್ಡು ಸಿಗದೆ ಇರುವುದಿಲ್ಲ. ಎಂಜಿನ್ ಬದಲಾಯಿಸಿದ ಕಾರನ್ನೋ ಜೀಪನ್ನೋ ಅದರ ಮುಂದೆ ನಿಲ್ಲಿಸಿ, ಕ್ಲಚ್ ಪೆಡಲ್ ಮೆತ್ತಗಾಗಿದೆ, ಗೇರ್ ಸರಿಯಾಗಿ ಬೀಳುತ್ತಿಲ್ಲ ಎಂದು ಹೇಳಿ ನೋಡಿ. ತಮಿಳಿನಲ್ಲಿ ಕೇಳಿದರೆ ತಮಿಳಿನಲ್ಲಿ, ನಮ್ಮ ಮನೆಮಾತು ಕನ್ನಡ ಎಂದು ಗೊತ್ತಾದರೆ ಅರೆಬರೆ ಕನ್ನಡದಲ್ಲಿ, ಉತ್ತರ ಮಾತ್ರ ಒಂದೇ: “ಎಂಜಿನ್ ಬದಲಾಯ್ಸಿದ ಗಾಡಿ ಹಾಗೇನೇ ಅಣ್ಣಾ. ಎರಡು ಸಲ ಪಂಪ್ ಹೊಡೆದು ಗೇರ್ ಹಾಕಿ, ಬೀಳುತ್ತೆ.”

ಈ ಮಾತು ಸುಳ್ಳು ಎನ್ನುವುದು ಒಂದು. ನನಗೆ ಅದಕ್ಕಿಂತ ಸಿಟ್ಟು ಬರುವುದು ಇದು ಎಲ್ಲರಿಗೂ ಎಷ್ಟು ಅನುಕೂಲವಾಗಿದೆ ಎಂಬುದಕ್ಕೆ. ಮೆಕ್ಯಾನಿಕ್ಕಿಗೆ ಗಾಡಿಯ ಕೆಳಗೆ ಮಲಗುವ ಕೆಲಸ ತಪ್ಪಿತು. ಎಂಜಿನ್ ಕೂರಿಸಿದವನಿಗೆ ತನ್ನ ಕೆಲಸದ ಲೆಕ್ಕ ಒಪ್ಪಿಸುವುದು ತಪ್ಪಿತು. ಮಾಲೀಕನಿಗೆ ದುಡ್ಡು ಉಳಿದ ಹಾಗೆ ಕಂಡಿತು. ಡ್ರೈವರಿಗಂತೂ ಜಂಬವೇ ಬಂತು: ಈ ಗಾಡಿ ನನ್ನ ಕಾಲಿಗೆ ಬಿಟ್ಟು ಬೇರೆಯವರ ಕಾಲಿಗೆ ಬಗ್ಗುವುದಿಲ್ಲ! ನಾಲ್ಕು ಜನ ಹೀಗೆ ಒಪ್ಪಿಕೊಂಡ ಮೇಲೆ ಐದನೆಯವನು, ಅಂದರೆ ಹಿಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಂಜವಾಡಿ ಕಣಿವೆ ಇಳಿಯುವವನು ಏನು ಹೇಳಿಯಾನು? ಅವನನ್ನು ಯಾರೂ ಕೇಳಲೇ ಇಲ್ಲ.

ಎಂಜಿನ್ ಬದಲಾಯಿಸುವುದನ್ನೇ ನಾನು ಪಾಪ ಎನ್ನುತ್ತಿದ್ದೇನೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಹಿಂದುಸ್ತಾನ್ ಮೋಟಾರ್ಸ್ ಕಂಪನಿಯೇ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಮೈಯನ್ನು ಉಳಿಸಿಕೊಂಡು ಅದರೊಳಗೆ ಕಾಲಕ್ಕೊಂದು ಎಂಜಿನ್ ಕೂರಿಸುತ್ತ ಬಂತು. 1489 ಸಿಸಿಯ ಪೆಟ್ರೋಲ್ ಎಂಜಿನ್ ಇದ್ದಲ್ಲಿಗೆ 1980ರ ಹೊತ್ತಿಗೆ ಡೀಸೆಲ್ ಬಂತು, 1990ರ ದಶಕದ ಆರಂಭದಲ್ಲಿ ಇಸುಜು ಕಂಪನಿಯ 1.8 ಲೀಟರ್ ಪೆಟ್ರೋಲ್ ಬಂತು, ಆಮೇಲೆ 2 ಲೀಟರಿನ ಇಸುಜು ಡೀಸೆಲ್. 2014ರ ಮೇ ತಿಂಗಳಲ್ಲಿ ಉತ್ತರಪಾಡಾದ ಕಾರ್ಖಾನೆ ನಿಲ್ಲುವವರೆಗೆ ಅಂಬಾಸಿಡರಿನ ಹೊರ ಆಕಾರ ಹೆಚ್ಚುಕಡಿಮೆ ಅದೇ ಇತ್ತು. ಆದರೆ ಇಸುಜು ಎಂಜಿನ್ ತಂದ ಕಂಪನಿ ಅದಕ್ಕೆ ಹೊಂದುವ ಐದು ಗೇರಿನ ಗೇರ್‌ಬಾಕ್ಸನ್ನೂ ಜೊತೆಗೇ ತಂದಿತು. ನಮ್ಮಲ್ಲಿ ಆಗುವುದು ಬೇರೆ. ಎಂಜಿನ್ ಒಂದು ಗುಜರಿಯಿಂದ, ಗೇರ್‌ಬಾಕ್ಸ್ ಇನ್ನೊಂದು ಗಾಡಿಯದು, ಎರಡನ್ನೂ ಜೋಡಿಸುವ ಅಡಾಪ್ಟರ್ ಪ್ಲೇಟು ಲೇತ್‌ನಲ್ಲಿ ಕಡೆಸಿದ್ದು, ಸ್ಲೇವ್ ಸಿಲಿಂಡರು “ಇದೂ ಕೂರುತ್ತೆ, ತಗೊಂಡ್ಹೋಗಿ” ಎಂದು ಸ್ಪೇರ್‌ಪಾರ್ಟ್ಸ್ ಅಂಗಡಿಯವರು ಕೊಟ್ಟದ್ದು, ಪೆಡಲು ಮತ್ತು ಮಾಸ್ಟರ್ ಸಿಲಿಂಡರು ಮಾತ್ರ ಗಾಡಿ ಹುಟ್ಟಿದಾಗಿನದು. ಬೋಲ್ಟು ಬಿಗಿಯಿತು, ಎಂಜಿನ್ ಸ್ಟಾರ್ಟ್ ಆಯಿತು, ಗಾಡಿ ಮುಂದಕ್ಕೆ ಹೋಯಿತು. ಕೂತಿತಲ್ಲ, ಇನ್ನೇನು? ಮುಂಗಡ ಕೊಟ್ಟವರು ಬಾಕಿಯನ್ನೂ ಕೊಟ್ಟು ಎಲೆಅಡಿಕೆ ಹಾಕಿಕೊಂಡು ಮನೆಗೆ ಬಂದರು.

ಚಿತ್ತೇರಿ ಬೆಟ್ಟದ ಊರುಗಳಿಗೆ ಜನವನ್ನೂ ಮೂಟೆಯನ್ನೂ ಹೊರುವ ಹಳೇ ಜೀಪಿನವರು ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಹಾಕಿಸಿದರೆ ಅದಕ್ಕೆ ಕಾರಣವಿದೆ, ಖರ್ಚು ತೂಗಬೇಕಲ್ಲ. ನನ್ನ ಜಗಳ ಎಂಜಿನ್ ಬದಲಾದದ್ದರ ಜೊತೆ ಇಲ್ಲ. ಬದಲಾಯಿಸಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು, ಉಳಿದ ಅರ್ಧವನ್ನು ಗಾಡಿಯ ಹಣೆಬರಹಕ್ಕೆ ಕಟ್ಟಿದ್ದರ ಜೊತೆ.

ಕ್ಲಚ್ ಪೆಡಲ್ ಮೆತ್ತಗಾಗುವುದು ಹಣೆಬರಹವೂ ಅಲ್ಲ, ರಹಸ್ಯವೂ ಅಲ್ಲ. ನೀವು ಪೆಡಲ್ ತುಳಿಯುತ್ತೀರಿ, ಒಂದು ರಾಡು ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುತ್ತದೆ, ಆಯಿಲ್ ಪೈಪಿನಲ್ಲಿ ಹೋಗಿ ಸ್ಲೇವ್ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುತ್ತದೆ, ಅದು ಫೋರ್ಕನ್ನು, ಫೋರ್ಕು ರಿಲೀಸ್ ಬೇರಿಂಗನ್ನು, ಬೇರಿಂಗು ಪ್ರೆಷರ್ ಪ್ಲೇಟಿನ ಬೆರಳುಗಳನ್ನು. ಅಷ್ಟೇ. ಈ ಸಾಲಿನಲ್ಲಿ ನಿಮ್ಮ ಕಾಲಿನ ಓಟ ಎಲ್ಲೋ ಕಳೆದುಹೋಗುತ್ತಿದೆ, ಎಲ್ಲಿ ಎಂದು ಹುಡುಕಬೇಕು. ಹುಡುಕಲು ಕಾಲೇ ಮೊದಲ ಸಾಕ್ಷಿ. ಪೆಡಲ್ ಒತ್ತಿದರೆ ಅರ್ಧ ಗಾಳಿ ತುಂಬಿದ ಸೈಕಲ್ ಟ್ಯೂಬಿನ ಹಾಗೆ ತಗ್ಗುತ್ತದೆ, ಬೇಗಬೇಗ ನಾಲ್ಕು ಸಲ ತುಳಿದರೆ ಗಟ್ಟಿಯಾಗುತ್ತದೆ: ಆಯಿಲ್ ಸಾಲಿನಲ್ಲಿ ಗಾಳಿ ಇದೆ. ತುಳಿದು ಹಿಡಿದರೆ ತಾನಾಗಿ ಮೆಲ್ಲಗೆ ಕೆಳಗಿಳಿಯುತ್ತದೆ, ಹೊರಗೆ ಒಂದು ಹನಿಯೂ ಸೋರಿಲ್ಲ: ಮಾಸ್ಟರಿನ ಒಳಗಿನ ಕಪ್ ಸವೆದು ಆಯಿಲ್ ಹಿಂದಕ್ಕೆ ಜಾರುತ್ತಿದೆ. ಮೊದಲ ಎರಡು ಮೂರು ಬೆರಳಗಲ ಸತ್ತಂತಿದ್ದು ಆಮೇಲೆ ಗಟ್ಟಿ: ರಾಡಿಗೂ ಪಿಸ್ಟನ್ನಿಗೂ ನಡುವೆ ಬೇಡದಷ್ಟು ಅಂತರ ಇದೆ. ಮೇಲಿನಿಂದ ಕೆಳಗಿನವರೆಗೂ ಒಂದೇ ಸಮ ಹಗುರ, ತಗ್ಗುವುದೂ ಇಲ್ಲ ಜಾರುವುದೂ ಇಲ್ಲ, ಆದರೂ ಕ್ಲಚ್ ಕಟ್ ಆಗುವುದಿಲ್ಲ: ಇದು ಬೇರೆಯದೇ ಕಥೆ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಹೇಳಿ, ಹೀಗೆ ಕಾಲಿಟ್ಟು ಬೇರೆ ಮಾಡಬಹುದಾದ ನಾಲ್ಕು ತೊಂದರೆಗಳಿಗೂ “ಹಾಗೇನೇ” ಎಂಬ ಒಂದೇ ಉತ್ತರ ಕೊಡುವವನು ಪೆಡಲ್ ಮೇಲೆ ಕಾಲಿಟ್ಟು ನೋಡಿದ್ದಾನೆಯೇ? ಹೆಚ್ಚಿನವರು ಡ್ರೈವರ್ ಸೀಟಿನ ಬಾಗಿಲನ್ನೂ ತೆಗೆದಿರುವುದಿಲ್ಲ.

ಸ್ವಲ್ಪ ಕೆಲಸಗಾರನಾದವನು “ಏರ್ ಹಿಡಿದಿದೆ, ಬ್ಲೀಡ್ ಮಾಡ್ಬಿಡೋಣ” ಎನ್ನುತ್ತಾನೆ. ಹುಡುಗನೊಬ್ಬ ಪೆಡಲ್ ತುಳಿಯುತ್ತಾನೆ, ಇನ್ನೊಬ್ಬ ಕೆಳಗೆ ನಿಪ್ಪಲ್ ಬಿಚ್ಚುತ್ತಾನೆ, ಆಯಿಲ್ ಚಿಮ್ಮುತ್ತದೆ, ನಿಪ್ಪಲ್ ಬಿಗಿಯಾಗುತ್ತದೆ, ಪೆಡಲ್ ಒಂದಿಷ್ಟು ಸುಧಾರಿಸಿದ ಹಾಗೆ ಕಾಣುತ್ತದೆ. ವಾರ ಕಳೆಯುವುದರೊಳಗೆ ಮೊದಲಿನ ಹಾಗೇ. ಮತ್ತೆ ಬ್ಲೀಡ್. ನನ್ನ ಸೋದರಮಾವನ ಅಂಬಾಸಿಡರಿನದು ಇದೇ ಪಾಡಾಗಿತ್ತು. ಹಳೇ ಎಂಜಿನ್ ತೆಗೆದು ಇಸುಜು ಡೀಸೆಲ್ ಕೂರಿಸಿದ್ದರು, ಎಲ್ಲಿ ಎಂಬುದು ಇಲ್ಲಿ ಬೇಡ. ಎಂಜಿನ್ ಎಷ್ಟು ಚೆನ್ನಾಗಿತ್ತು ಎಂದರೆ ಮದುವೆ ಸೀಸನ್ನಿನಲ್ಲಿ ಗಾಡಿ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಕ್ಲಚ್ ಮಾತ್ರ ಯಾವಾಗಲೂ ಹತ್ತಿ. ಹೋದಲ್ಲೆಲ್ಲ ಬ್ಲೀಡ್ ಮಾಡಿದರು, ಹೋದಲ್ಲೆಲ್ಲ ದುಡ್ಡು ತೆಗೆದುಕೊಂಡರು. ಒಂದು ದಿನ ಗಾಡಿಯ ಕೆಳಗೆ ಟಾರ್ಚ್ ಹಿಡಿದು ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತಿತ್ತು. ಹೊಸ ಗೇರ್‌ಬಾಕ್ಸಿಗೆ ಸ್ಲೇವ್ ಕೂರಿಸಲು ಜಾಗ ಸಾಲದೆ ಆಂಗಲ್ ಕಬ್ಬಿಣದ ಒಂದು ಬ್ರಾಕೆಟ್ ಬೆಸೆದು, ಸ್ಲೇವನ್ನು ಬೋರಲು ಕೂರಿಸಿದ್ದರು. ಬ್ಲೀಡ್ ಮಾಡುವ ನಿಪ್ಪಲ್ಲು ನೆಲ ನೋಡುತ್ತಿತ್ತು, ಆಯಿಲ್ ಒಳಬರುವ ಪೈಪು ಮೇಲೆ. ಆಯಿಲ್ ಒಳಗಿರುವ ಗಾಳಿ ಮೇಲಕ್ಕೆ ಹೋಗುತ್ತದೆ ಎನ್ನುವುದಕ್ಕೆ ಯಾವ ಕೋರ್ಸು ಓದಬೇಕು? ನಿಪ್ಪಲ್ ಕೆಳಗಿದ್ದರೆ ನೀವು ಬಾಟಲಿಗಟ್ಟಲೆ ಆಯಿಲ್ ಹರಿಸಿದರೂ ಮೇಲಿನ ಮೂಲೆಯ ಗುಳ್ಳೆ ಅಲ್ಲೇ ಕೂತಿರುತ್ತದೆ.

ಬ್ರಾಕೆಟ್ಟಿನ ಬೋಲ್ಟು ಬಿಚ್ಚಿ, ಸ್ಲೇವನ್ನು ಕೈಯಲ್ಲೇ ತಿರುಗಿಸಿ ನಿಪ್ಪಲ್ ಮೇಲೆ ಬರುವ ಹಾಗೆ ಹಿಡಿದು, ಪಿಸ್ಟನ್ ಹೊರಕ್ಕೆ ಎದ್ದು ಬರದಂತೆ ಹೆಬ್ಬೆರಳಿನಿಂದ ಒತ್ತಿಕೊಂಡು ಬ್ಲೀಡ್ ಮಾಡಿದಾಗ ಪಾರದರ್ಶಕ ಟ್ಯೂಬಿನಲ್ಲಿ ಬಂದ ಗುಳ್ಳೆಗಳನ್ನು ಮಾವ ತಾವೇ ಬಗ್ಗಿ ನೋಡಿದರು. ಇಷ್ಟೂ ದಿನ ದುಡ್ಡು ಕೊಟ್ಟು ಕೊಂಡುಕೊಂಡದ್ದು ಈ ಗಾಳಿಯನ್ನೇ ಎಂದು ನಕ್ಕರು. ನನಗೆ ನಗು ಬರಲಿಲ್ಲ. ನಿಪ್ಪಲ್ ಬಿಚ್ಚಿದ ಅಷ್ಟು ಜನರಲ್ಲಿ ಒಬ್ಬನಿಗಾದರೂ, ಇದು ಯಾಕೆ ಕೆಳಗಿದೆ ಎಂಬ ಪ್ರಶ್ನೆ ಬರಬಾರದಿತ್ತೆ? ಬಂದಿದ್ದರೂ ಕೇಳಿರಲಾರರು. ಬದಲಿ ಎಂಜಿನ್ನಿನ ಗಾಡಿಯಲ್ಲಿ ಏನೇ ವಿಚಿತ್ರ ಕಂಡರೂ ಅದು ಸಹಜ ಎಂದು ಮೊದಲೇ ಒಪ್ಪಿಬಿಟ್ಟಿದ್ದೇವೆ.

ಗಾಳಿ ಹೋಯಿತು, ಪೆಡಲ್ ತಗ್ಗುವುದು ನಿಂತಿತು. ಆದರೂ ರಿವರ್ಸ್ ಹಾಕುವಾಗ ಕರಕರ ಸದ್ದು ಹೋಗಲಿಲ್ಲ. ಪೆಡಲ್ ಈಗ ಕಾಲಿಗೆ ಸುಖವಾಗಿ, ಹಗುರವಾಗಿತ್ತು. “ಇಷ್ಟು ಸ್ಮೂತ್ ಇದೆ, ಇನ್ನೇನು ಬೇಕು ನಿಮಗೆ?” ಎಂದು ಒಬ್ಬರು ಕೇಳಿದರು. ಈ ಮೆಚ್ಚುಗೆಯನ್ನೇ ನಾನು ಎಲ್ಲಕ್ಕಿಂತ ಅಪಾಯದ್ದು ಎನ್ನುವುದು. ಪೆಡಲ್ ಹಗುರವಾಗಿದ್ದರೆ ಕ್ಲಚ್ ಚೆನ್ನಾಗಿದೆ ಎಂಬ ನಂಬಿಕೆ ನಮ್ಮಲ್ಲಿ ಬೇರುಬಿಟ್ಟಿದೆ. ಆ ಹಗುರ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ.

ಲೆಕ್ಕ ಮಾಡಿ ನೋಡೋಣ; ಎಂಟನೇ ಕ್ಲಾಸಿನ ಲೆಕ್ಕ. ಪೆಡಲ್ 150 ಮಿಲಿಮೀಟರ್ ಓಡುತ್ತದೆ, ಅದರ ಮೀಟುಗೋಲು ಆರಕ್ಕೊಂದು, ಹಾಗಾದರೆ ಮಾಸ್ಟರಿನ ಪಿಸ್ಟನ್ 25 ಮಿಲಿಮೀಟರ್ ಓಡಿತು. ಮಾಸ್ಟರಿನ ಒಳವ್ಯಾಸ 5/8 ಇಂಚು, ಸ್ಲೇವಿನದು 3/4 ಇಂಚು ಇದ್ದರೆ ಎರಡರ ಅಗಲದ ಅನುಪಾತ 1.2, ಕ್ಷೇತ್ರಫಲದ ಅನುಪಾತ 1.44. ಅಂದರೆ ಸ್ಲೇವಿನ ರಾಡು 17 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಓಡುತ್ತದೆ. ಫೋರ್ಕು ಅದನ್ನು ಅರ್ಧ ಮಾಡಿದರೆ ರಿಲೀಸ್ ಬೇರಿಂಗಿಗೆ ಎಂಟೂವರೆ ಮಿಲಿಮೀಟರ್ ಸಿಕ್ಕಿತು. ಈಗ ಅಂಗಡಿಯವರು “ಇದೂ ಕೂರುತ್ತೆ” ಎಂದು ಕೊಟ್ಟ ಸ್ಲೇವಿನ ಒಳವ್ಯಾಸ 7/8 ಇಂಚು ಎಂದು ಇಟ್ಟುಕೊಳ್ಳಿ. ಅಗಲದ ಅನುಪಾತ 1.4, ಕ್ಷೇತ್ರಫಲದ್ದು 1.96. ಅದೇ ಪೆಡಲು, ಅದೇ ಕಾಲು, ಆದರೆ ಸ್ಲೇವಿನ ರಾಡು ಓಡುವುದು 13 ಮಿಲಿಮೀಟರಿಗಿಂತಲೂ ಕಡಿಮೆ. ಬೇರಿಂಗಿಗೆ ಸಿಕ್ಕಿದ್ದು ಆರು ಚಿಲ್ಲರೆ. ಆ ಪ್ರೆಷರ್ ಪ್ಲೇಟ್ ಬಿಡಿಸಿಕೊಳ್ಳಲು ಎಂಟು ಬೇಕಿದ್ದರೆ ಕ್ಲಚ್ ಯಾವತ್ತೂ ಪೂರ್ತಿ ಕಟ್ ಆಗುವುದಿಲ್ಲ. ಕಾಲಿಗೆ ಮಾತ್ರ ಭಾರ ಕಾಲು ಭಾಗಕ್ಕಿಂತ ಹೆಚ್ಚು ಇಳಿದಿರುತ್ತದೆ! ಸುಖ ಎಂದು ಹೊಗಳಿದ್ದು ಈ ಕಳೆದುಹೋದ ಓಟವನ್ನೇ.

ಇಲ್ಲಿ ಯಾವ ಭಾಗವೂ ಕೆಟ್ಟಿಲ್ಲ ಎನ್ನುವುದನ್ನು ಗಮನಿಸಿ. ಮಾಸ್ಟರ್ ಸರಿಯಿದೆ, ಸ್ಲೇವ್ ಹೊಸದು, ಸೋರಿಕೆ ಇಲ್ಲ, ಗಾಳಿ ಇಲ್ಲ. ಬ್ಲೀಡ್ ಮಾಡುವವನು ಜನ್ಮವಿಡೀ ಬ್ಲೀಡ್ ಮಾಡಬಹುದು. ಸ್ಲೇವಿನ ರಾಡಿನ ಪಕ್ಕ ಒಂದು ಸ್ಟೀಲ್ ಸ್ಕೇಲ್ ಹಿಡಿದು, ಒಬ್ಬರು ಪೆಡಲ್ ತುಳಿಯುವಾಗ ಇನ್ನೊಬ್ಬರು ಎಷ್ಟು ಓಡಿತು ಎಂದು ನೋಡಿದರೆ ತೊಂದರೆ ಕಣ್ಣಿಗೆ ಬೀಳುತ್ತದೆ. ಮಾವನ ಗಾಡಿಯಲ್ಲೂ ಆದದ್ದು ಇದೇ ಜಾತಿಯದು. ಸರಿಯಾದ ಅಳತೆಯ ಸ್ಲೇವ್ ಬಂದ ಮೇಲೆ ಪೆಡಲ್ ಕೊಂಚ ಗಟ್ಟಿಯಾಯಿತು, ಗೇರು ಸದ್ದಿಲ್ಲದೆ ಬಿತ್ತು. ಶಾಲೆ ಮಕ್ಕಳ ಕಂಪಾಸ್ ಬಾಕ್ಸಿನಲ್ಲಿ ಇರುವ ಸ್ಕೇಲು ಸಾಕಾಗುವ ಈ ಕೆಲಸ, ಸಾವಿರಾರು ರೂಪಾಯಿಯ ಪಾನಾ ಸೆಟ್ಟು ಜೋಡಿಸಿಟ್ಟ ಶೆಡ್ಡುಗಳಲ್ಲಿ ಯಾಕೆ ನಡೆಯುವುದಿಲ್ಲ?

ಯಾಕೆಂದರೆ ಅಳೆಯುವುದಕ್ಕೆ ಕೂಲಿ ಇಲ್ಲ, ಬಿಚ್ಚುವುದಕ್ಕೆ ಇದೆ. “ಕ್ಲಚ್ ಸೆಟ್ ಹಾಕ್ಬಿಡಿ” ಎಂಬ ಮೂರನೇ ಸಲಹೆ ಹುಟ್ಟುವುದು ಇಲ್ಲಿಂದಲೇ. ಗೇರ್‌ಬಾಕ್ಸ್ ಇಳಿಸು, ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗು ಮೂರನ್ನೂ ಬದಲಾಯಿಸು, ಮತ್ತೆ ಏರಿಸು. ಹಳೇ ಪ್ಲೇಟನ್ನು ಮಾಲೀಕನ ಕೈಗೆ ಕೊಟ್ಟು “ನೋಡಿ ಹೆಂಗೆ ಸವೆದಿದೆ” ಎಂದರೆ ಅವನೂ ಒಪ್ಪಿಕೊಳ್ಳುತ್ತಾನೆ. ಓಡಿದ ಗಾಡಿಯ ಯಾವ ಪ್ಲೇಟು ತಾನೇ ಸವೆದಿರುವುದಿಲ್ಲ? ಸ್ವಾಮಿ, ಕ್ಲಚ್ ಪ್ಲೇಟ್ ಸವೆದರೆ ಕ್ಲಚ್ ಜಾರುತ್ತದೆ, ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಏಳುವುದಿಲ್ಲ. ಅದರಿಂದ ಪೆಡಲಿಗೆ ಗಾಳಿ ತುಂಬುವುದಿಲ್ಲ. ತುಳಿದು ಹಿಡಿದ ಪೆಡಲ್ ತಾನಾಗಿ ಇಳಿಯುವ ಗಾಡಿಗೆ ಪ್ರೆಷರ್ ಪ್ಲೇಟ್ ಬದಲಾಯಿಸುವವನು ರೋಗಕ್ಕೂ ಔಷಧಕ್ಕೂ ಸಂಬಂಧ ಇರಬೇಕೆಂಬುದನ್ನೇ ಕೈಬಿಟ್ಟಿದ್ದಾನೆ. ಗೇರ್‌ಬಾಕ್ಸ್ ಇಳಿಸುವುದು ಕೊನೆಯ ಕೆಲಸ. ಅದಕ್ಕೆ ಮುಂಚೆ ಹೋಸನ್ನು ಗಾಯ ಮಾಡದ ಕ್ಲಾಂಪಿನಲ್ಲಿ ಸ್ಲೇವಿನ ಹತ್ತಿರ ಹಿಡಿದು ಪೆಡಲ್ ತುಳಿದು ನೋಡಬೇಕು. ಪೆಡಲ್ ಕಲ್ಲಾದರೆ ಮಾಸ್ಟರ್ ನಿರಪರಾಧಿ, ಕಳ್ಳ ಕ್ಲಾಂಪಿನ ಆಚೆ ಇದ್ದಾನೆ. ಆಗಲೂ ಮೆತ್ತಗೇ ಇದ್ದರೆ ಮಾಸ್ಟರು, ಪೈಪು, ಹೋಸಿನ ಈಚೆಯ ಭಾಗ, ಇಷ್ಟರಲ್ಲೇ ಹುಡುಕಬೇಕು. ಸ್ಲೇವಿನ ತುದಿಯ ರಬ್ಬರ್ ಟೋಪಿ ಸರಿಸಿ ಒಳಗೆ ಒದ್ದೆಯಾಗಿದೆಯೇ ನೋಡಬೇಕು. ಪೆಡಲ್ ಮೇಲ್ಭಾಗದಲ್ಲಿ, ಒಳಗಿನ ಕಾರ್ಪೆಟ್ ಎತ್ತಿ, ಮಾಸ್ಟರಿನ ರಾಡಿನ ಹಾದಿಯಲ್ಲಿ ಆಯಿಲ್ ಇಳಿದಿದೆಯೇ ನೋಡಬೇಕು. ಇದಕ್ಕೆಲ್ಲ ಹಿಡಿಯುವ ಹೊತ್ತು ಎರಡು ಟೀ ಕುಡಿಯುವಷ್ಟು. ಖರ್ಚು ಆ ಟೀಯದ್ದೇ.

ಇನ್ನೊಂದು ದೂರು ಇದೆ: ಬೆಳಿಗ್ಗೆ ಚೆನ್ನಾಗಿದ್ದ ಪೆಡಲ್ ಮಧ್ಯಾಹ್ನ ಘಾಟಿ ಹತ್ತಿದ ಮೇಲೆ ಮೆತ್ತಗಾಗುತ್ತದೆ, ತಣ್ಣಗಾದರೆ ಮತ್ತೆ ಸರಿ. ಇದನ್ನು ಕೇಳಿದ ಮೆಕ್ಯಾನಿಕ್ಕರು ನಗುತ್ತಾರೆ, ಡ್ರೈವರಿಗೆ ಭ್ರಮೆ ಎನ್ನುತ್ತಾರೆ. ಭ್ರಮೆ ಯಾಕಾಗುತ್ತದೆ? ಹೊಸ ಎಂಜಿನ್ನಿನ ಸೈಲೆನ್ಸರ್ ಪೈಪು ಹಳೆಯದು ಇದ್ದ ಕಡೆಯೇ ಇರಬೇಕೆಂದು ಯಾವ ನಿಯಮವಿದೆ? ಎಷ್ಟೋ ಗಾಡಿಗಳಲ್ಲಿ ಅದು ಕ್ಲಚ್ ಹೋಸಿನ ಪಕ್ಕದಲ್ಲೇ ಹಾಯುತ್ತದೆ. ಕ್ಲಚ್ಚಿಗೂ ಹಾಕುವ ಡಾಟ್ 3 ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯುವುದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ಗೆ. ಆದರೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ಜಾತಿಯದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230, ತೇವ ಹೀರಿದ ಮೇಲೆ 155. ಶೆಡ್ಡಿನ ಕಟ್ಟೆಯ ಮೇಲೆ ಮುಚ್ಚಳ ಇಲ್ಲದೆ ಮಳೆಗಾಲ ಕಳೆದ ಬಾಟಲಿಯಿಂದ ಹೊಯ್ದ ಆಯಿಲು ಸೈಲೆನ್ಸರಿನ ಪಕ್ಕ ಕುದಿದು ಆವಿಯಾದರೆ, ಆ ಆವಿಯೂ ಗಾಳಿಯಷ್ಟೇ ಮೆತ್ತಗೆ. ತಣ್ಣಗಾದರೆ ಆವಿ ಮತ್ತೆ ಆಯಿಲ್ ಆಗುತ್ತದೆ, ಸಾಕ್ಷಿ ಮಾಯ. ಹೋಸನ್ನು ಬೇರೆ ಹಾದಿಯಲ್ಲಿ ಒಯ್ದು, ನಡುವೆ ಒಂದು ತಗಡಿನ ಮರೆ ಕೊಟ್ಟು, ಸೀಲ್ ಒಡೆಯದ ಡಬ್ಬಿಯ ಆಯಿಲ್ ಹಾಕಿದರೆ ‘ಭ್ರಮೆ’ ವಾಸಿಯಾಗುತ್ತದೆ. ಇನ್ನು ಬ್ರೇಕ್ ಆಯಿಲ್ ಸಿಗಲಿಲ್ಲ ಎಂದು ಎಂಜಿನ್ ಆಯಿಲನ್ನೋ ಪವರ್ ಸ್ಟೇರಿಂಗ್ ಆಯಿಲನ್ನೋ ಹೊಯ್ಯುವ ಮಹಾನುಭಾವರೂ ಇದ್ದಾರೆ. ರಬ್ಬರ್ ಕಪ್ಪುಗಳು ಉಬ್ಬಿ, ಮಾಸ್ಟರು ಸ್ಲೇವು ಎರಡೂ ಹಾಳಾಗಿ, ಕೊನೆಗೆ ಅಪವಾದ ಮಾತ್ರ ಬದಲಿ ಎಂಜಿನ್ನಿಗೆ.

ಇನ್ನು ಕೆಲವು ದೋಷಗಳು ಎಂಜಿನ್ ಬದಲಿಗೆ ನೇರವಾಗಿ ಅಂಟಿಕೊಂಡವು. ಅವನ್ನು ಅಳೆಯದೆ ಬಿಟ್ಟವನು ಎಂಜಿನ್ ಕೂರಿಸಿದವನೇ. ಭಾರದ ಡೀಸೆಲ್ ಎಂಜಿನ್ನಿಗೆ ಬಲವಾದ ಪ್ರೆಷರ್ ಪ್ಲೇಟ್ ಬರುತ್ತದೆ, ಪೆಡಲಿಗೆ ಹೆಚ್ಚು ಒತ್ತಡ ಬೇಕು, ಆದರೆ ಮಾಸ್ಟರ್ ಕಚ್ಚಿಕೊಂಡಿರುವ ತಗಡು ಹಳೆಯದು, ಬೆಸುಗೆ ಬಿಟ್ಟದ್ದು. ತುಳಿದಾಗ ಮಾಸ್ಟರ್ ಸಿಲಿಂಡರೇ ಮುಂದಕ್ಕೆ ಬಾಗುತ್ತದೆ. ಬಾನೆಟ್ ತೆಗೆದು ಒಬ್ಬರು ನೋಡುತ್ತ ನಿಂತರೆ ಬರಿಗಣ್ಣಿಗೆ ಕಾಣುತ್ತದೆ. ಫ್ಲೈವೀಲು ಬೇರೆ, ಅಡಾಪ್ಟರ್ ಪ್ಲೇಟಿನ ದಪ್ಪ ಬೇರೆ ಆದ್ದರಿಂದ ಪ್ರೆಷರ್ ಪ್ಲೇಟಿನ ಬೆರಳುಗಳು ಫೋರ್ಕಿಗೆ ಸಿಗುವ ಜಾಗವೇ ಹಿಂದೆಮುಂದೆ ಆಗಿರುತ್ತದೆ. ಫೋರ್ಕು ಓರೆಯಾಗಿ ನಿಂತು ಅರ್ಧ ಓಟವನ್ನು ಹಾಗೇ ತಿಂದುಹಾಕುತ್ತದೆ. ಗುಜರಿಯಿಂದ ಬಂದ ಎಂಜಿನ್ನಿನ ಥ್ರಸ್ಟ್ ಬೇರಿಂಗ್ ಸವೆದಿದ್ದರೆ ಕ್ಲಚ್ ತುಳಿದಾಗಲೆಲ್ಲ ಕ್ರ್ಯಾಂಕೇ ಮುಂದಕ್ಕೆ ಸರಿಯುತ್ತದೆ. ಎಂಜಿನ್ ನಿಲ್ಲಿಸಿ, ಒಬ್ಬರು ಕ್ಲಚ್ ತುಳಿದು ಬಿಡುವಾಗ ಮುಂದಿನ ಪುಲ್ಲಿ ನೋಡಿ. ಅದು ಕಣ್ಣಿಗೆ ಕಾಣುವಷ್ಟು ಓಡಾಡಿದರೆ ಕ್ಲಚ್ ಚಿಂತೆ ಬಿಡಿ, ಎಂಜಿನ್ನನ್ನೇ ಬಿಚ್ಚಬೇಕು. ಕೇಬಲ್ ಕ್ಲಚ್ಚಿನ ಗಾಡಿಯಾದರೆ ಕೇಬಲಿನ ಹೊರಕವಚ ಹಿಡಿಯುವ ಬ್ರಾಕೆಟ್ಟು ಬಾಗುತ್ತದೆಯೇ ಎಂದು ಮೊದಲು ನೋಡಿ, ಆಮೇಲೆ ಕೇಬಲನ್ನು ದೂರಿ.

ಇಷ್ಟೆಲ್ಲ ಯಾಕೆ, ಪಂಪ್ ಹೊಡೆದು ಓಡಿಸಿದರಾಯಿತಲ್ಲ ಎನ್ನುವವರಿಗೆ ಒಂದು ಮಾತು. ಅರ್ಧ ಕಟ್ ಆದ ಕ್ಲಚ್ಚಿನಲ್ಲಿ ಹಾಕಿದ ಒಂದೊಂದು ಗೇರೂ ಗೇರ್‌ಬಾಕ್ಸಿನ ಹಲ್ಲನ್ನೂ ಸಿಂಕ್ರೊನೈಸರ್ ರಿಂಗನ್ನೂ ಅರೆಯುತ್ತದೆ. ಉಳಿಸಿದೆವು ಎಂದುಕೊಂಡ ದುಡ್ಡನ್ನು ಗೇರ್‌ಬಾಕ್ಸು ಬಡ್ಡಿ ಸಮೇತ ವಸೂಲು ಮಾಡುತ್ತದೆ. ಅದು ದುಡ್ಡಿನ ಮಾತು, ಹೋಗಲಿ. ಪಾಪಿರೆಡ್ಡಿಪಟ್ಟಿ ದಾಟಿ ಮಂಜವಾಡಿ ಕಣಿವೆಯಲ್ಲೋ ಧರ್ಮಪುರಿಯಿಂದ ಸೇಲಂ ಹಾದಿಯ ತೊಪ್ಪೂರು ಘಾಟಿಯಲ್ಲೋ ಇಳಿಯುತ್ತಿದ್ದೀರಿ ಎಂದುಕೊಳ್ಳಿ. ಎದುರು ಲಾರಿ, ಮೂರನೇ ಗೇರಿನಿಂದ ಎರಡಕ್ಕೆ ಬರಬೇಕು. ಗೇರ್ ಲಿವರ್ ಮೂರರಿಂದ ಹೊರಬಂತು, ಎರಡಕ್ಕೆ ಹೋಗುತ್ತಿಲ್ಲ. ಪಂಪ್ ಹೊಡೆಯಲು ಸಮಯ ಇದೆಯೇ? ಗಾಡಿ ನ್ಯೂಟ್ರಲ್‌ನಲ್ಲಿದೆ, ಎಂಜಿನ್ನಿನ ಹಿಡಿತ ಹೋಯಿತು, ಇಳಿಜಾರಿನ ಪೂರ್ತಿ ಭಾರ ಬ್ರೇಕಿನ ಮೇಲೆ ಬಿತ್ತು. ಹಲವು ಗಾಡಿಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಆಯಿಲ್ ಡಬ್ಬಿ ಒಂದೇ ಎನ್ನುವುದನ್ನು ನೆನಪಿಸಿಕೊಳ್ಳಿ. ಕ್ಲಚ್ ಸೋರಿದ್ದೆಂದರೆ ಬ್ರೇಕಿನ ದಾಸ್ತಾನೂ ಇಳಿದಿರುತ್ತದೆ. “ನನ್ನ ಕಾಲಿಗೆ ಅಭ್ಯಾಸ ಆಗಿದೆ” ಎನ್ನುವ ಡ್ರೈವರೇ, ನಿಮಗೆ ಜ್ವರ ಬಂದ ದಿನ ನಿಮ್ಮ ಮಗ ಅದೇ ಗಾಡಿಯನ್ನು ಧರ್ಮಪುರಿ ಆಸ್ಪತ್ರೆಗೆ ಓಡಿಸಿದರೆ ಆ ಅಭ್ಯಾಸವನ್ನು ಅವನ ಕಾಲಿಗೆ ಕಟ್ಟಿ ಕಳಿಸುತ್ತೀರಾ?

ಈ ಅಳತೆಗೇಡಿತನದ ಹಿಂದೆ ಇನ್ನೊಂದು ಸಂಗತಿ ಇದೆ, ಅದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಈ ಗಾಡಿಗಳಲ್ಲಿ ಎಷ್ಟೋ ಕಳ್ಳಗಾಡಿಗಳು. ಕದ್ದವೆಂದಲ್ಲ; ಆರ್‌ಸಿ ಪುಸ್ತಕದಲ್ಲಿ ಒಂದು ಎಂಜಿನ್ ನಂಬರು, ಬಾನೆಟ್ಟಿನ ಕೆಳಗೆ ಇನ್ನೊಂದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕೇರಳದಿಂದ ಬಂದ ಪ್ರಕರಣದಲ್ಲಿ, ಅದನ್ನೇ ಗಟ್ಟಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಒಂದೊಂದು ಅಕ್ರಮ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ, ಎಂದಿತು. ಅನುಮತಿ ಪಡೆದು ಅದೇ ತಯಾರಿಯ ಎಂಜಿನ್ ಹಾಕಿಸಿ ಆರ್‌ಸಿಯಲ್ಲಿ ಬರೆಸುವ ದಾರಿ ಇದೆ. ಆದರೂ ಮಾಲೀಕ ಮುಚ್ಚಿಡುತ್ತಾನೆ. ಮುಚ್ಚಿಟ್ಟ ಕೆಲಸಕ್ಕೆ ಬಿಲ್ ಇಲ್ಲ, ಬಿಲ್ ಇಲ್ಲದ ಕೆಲಸಕ್ಕೆ ಅಳತೆಯ ಚೀಟಿ ಇಲ್ಲ, ಚೀಟಿ ಇಲ್ಲದ್ದರಿಂದ ಮುಂದಿನ ಮೆಕ್ಯಾನಿಕ್ಕಿಗೆ ಯಾವ ಗಾಡಿಯ ಸ್ಲೇವು, ಯಾವುದರ ಪ್ರೆಷರ್ ಪ್ಲೇಟು ಎಂಬುದೇ ಗೊತ್ತಿಲ್ಲ. ಅವನು ಊಹಿಸುತ್ತಾನೆ. ಅವನ ಊಹೆ ತಪ್ಪಿದಾಗ ಎಲ್ಲರೂ ಸೇರಿ “ಹಾಗೇನೇ” ಎಂಬ ಮಂತ್ರ ಹೇಳುತ್ತೇವೆ. ಕಾನೂನಿಗೆ ಹೆದರಿ ಸುಳ್ಳು ಹೇಳಿದವನು ತನ್ನ ಮೆಕ್ಯಾನಿಕ್ಕಿನ ಕಣ್ಣನ್ನೂ ತಾನೇ ಕಟ್ಟಿದ್ದಾನೆ.

ಆರ್‌ಟಿಒ ಕಚೇರಿಯ ತಪಾಸಣೆಯವರಿಗೂ ಒಂದು ಮಾತಿದೆ. ಹಾರ್ನ್ ಕೇಳಿ, ಇಂಡಿಕೇಟರ್ ನೋಡಿ ಎಫ್‌ಸಿ ಕೊಡುವ ಹೊತ್ತಿನಲ್ಲಿ ಒಂದು ಸಲ ಕ್ಲಚ್ ತುಳಿದು ರಿವರ್ಸ್ ಹಾಕಿ ನೋಡಿ. ಕರಕರ ಎಂದರೆ ಎಂಜಿನ್ ನಂಬರನ್ನೂ ಒಂದಿಷ್ಟು ಒರೆಸಿ ಓದಿ. ಐಟಿಐಗಳಲ್ಲಿ ಎರಡು ವರ್ಷ ಮೋಟಾರು ಮೆಕ್ಯಾನಿಕ್ ಕಲಿಸುವ ಮೇಷ್ಟ್ರುಗಳೇ, ಹುಡುಗರಿಗೆ ಕ್ಲಚ್ ಬಿಚ್ಚಿ ಜೋಡಿಸುವುದನ್ನು ಕಲಿಸುತ್ತೀರಿ, ಒಳ್ಳೆಯದು. ಎರಡು ಬೇರೆ ಗಾಡಿಗಳ ಮಾಸ್ಟರು ಸ್ಲೇವು ಮೇಜಿನ ಮೇಲಿಟ್ಟು ವರ್ನಿಯರ್ ಕೊಟ್ಟು, ಇವೆರಡೂ ಜೋಡಿಯಾಗುತ್ತವೆಯೇ ಎಂದು ಕೇಳಿ ನೋಡಿ. ಆ ಲೆಕ್ಕ ಬಂದ ಹುಡುಗ ಶೆಡ್ಡು ತೆರೆದರೆ ಮಾತ್ರ ಆ ಊರಿನಲ್ಲಿ “ಹಾಗೇನೇ” ಎಂಬ ಮಾತು ಸಾಯುತ್ತದೆ.

ಅಲ್ಲಿಯವರೆಗೆ ಕೆಲಸ ಮಾಲೀಕರದ್ದೇ, ಯಾಕೆಂದರೆ ದುಡ್ಡು ಅವರ ಜೇಬಿನಲ್ಲಿದೆ. ಎಂಜಿನ್ ಕೂರಿಸಲು ಕೊಡುವ ಮೊದಲೇ ಅನುಮತಿಯ ಕಾಗದ ಮಾಡಿಸಿ. ಕೂರಿಸಿದ ಮೇಲೆ ಮಾಸ್ಟರಿನ ಒಳವ್ಯಾಸ, ಸ್ಲೇವಿನ ಒಳವ್ಯಾಸ, ಪ್ರೆಷರ್ ಪ್ಲೇಟು ಯಾವ ಗಾಡಿಯದು, ಅಡಾಪ್ಟರಿನ ದಪ್ಪ, ಹಾಕಿದ ಆಯಿಲ್ ಡಾಟ್ ಎಷ್ಟು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆಸಿ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿಡಿ. ಗಾಡಿ ಮಾರುವಾಗ ಆರ್‌ಸಿ ಜೊತೆ ಅದನ್ನೂ ಕೊಡಿ. ಬಾಕಿ ಹಣ ಇನ್ನೂ ನಿಮ್ಮ ಕೈಯಲ್ಲಿರುವಾಗಲೇ, ಗಾಡಿಯ ಪಕ್ಕ ಕೂತು, ಮಗನ ಸ್ಕೇಲನ್ನು ಎಂಜಿನ್ ಕೂರಿಸಿದವರ ಕೈಗೆ ಕೊಟ್ಟು ಕೇಳಿ: ಪೆಡಲ್ ಪೂರ್ತಿ ತುಳಿದರೆ ಸ್ಲೇವಿನ ರಾಡು ಎಷ್ಟು ಮಿಲಿಮೀಟರ್ ಓಡುತ್ತೆ, ಈ ಪ್ರೆಷರ್ ಪ್ಲೇಟಿಗೆ ಎಷ್ಟು ಬೇಕು? ಎರಡಕ್ಕೂ ಉತ್ತರ ಅಂಕಿಯಲ್ಲಿ ಬರುವವರೆಗೆ ನೋಟು ಎಣಿಸಬೇಡಿ.